ಮಂಟಪದ ಮೇಲಿನ ಸಾಲು: ಶಿರಸಿಯ ಒಂದು ಬೀದಿಯ ಗದ್ದಲ

ನಮ್ಮ ಬೀದಿ ಇರುವುದು ಶಿರಸಿ ಪೇಟೆಯಿಂದ ಸ್ವಲ್ಪ ಹೊರಗೆ, ಒಂದು ಇಳಿಜಾರಿನಲ್ಲಿ. ಶಿರಸಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇವಿಕೆರೆಯಿಂದ ಯಾವ ಕಡೆ ನಡೆದರೂ ಒಂದು ಏರೋ ಇಳುಕಲೋ ಸಿಕ್ಕೇ ಸಿಗುತ್ತದೆ. ನಮ್ಮ ಜಾಗ ಬೋಗುಣಿಯನ್ನು ಅರ್ಧ ಸೀಳಿದ ಹಾಗಿದೆ. ತಳದಲ್ಲಿ ಒಂದು ಕಲ್ಯಾಣಮಂಟಪ. ಅದರ ಪೂರ್ವಕ್ಕೆ ದಿಬ್ಬ, ದಿಬ್ಬದ ಮೇಲೆ ಮೂರು ಸಾಲು ಮನೆಗಳು. ನನ್ನದು ನಡುವಿನ ಸಾಲು. ಬೀದಿ ಮುಖ್ಯರಸ್ತೆಗೆ ಸೇರುವಲ್ಲಿ ಒಂದು ಸಣ್ಣ ನರ್ಸಿಂಗ್ ಹೋಮ್. ಇಷ್ಟಕ್ಕೂ ಇರುವುದು 20 ಅಡಿಯ ಒಂದೇ ರಸ್ತೆ. ಅದೂ ಮಂಟಪ ದಾಟಿದ ಮೇಲೆ ಮುಂದೆ ಹೋಗುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಹಾಗಾಗಿ ಮಂಟಪದ ಸದ್ದಿನ ಬಗ್ಗೆ ಗಲಾಟೆ ಶುರುವಾದಾಗ "ಮಾಸ್ತರ್ರೆ, ನೀವೇ ಸ್ವಲ್ಪ ನೋಡಿ" ಎಂದು ಬೀದಿಯವರು ಈ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಬೇಡ ಅನ್ನಲಿಲ್ಲ. ನಿದ್ದೆ ಹೇಗೂ ಬರುತ್ತಿರಲಿಲ್ಲ.

ಮೊದಲು ಬಂದವರು ಯಾರು ಎಂಬ ಜಗಳವನ್ನು ಬೇಗ ಮುಗಿಸಿಬಿಡುತ್ತೇನೆ. ಮಂಟಪ ಕಟ್ಟುವಾಗ ಇಲ್ಲಿ ಮನೆಗಳಿರಲಿಲ್ಲ. ದನ ಮೇಯುವ ಬೇಣ ಇತ್ತು. ಆಮೇಲೆ ಬೇಣ ಎನ್.ಎ. (ಕೃಷಿಯೇತರ ಜಮೀನು) ಆಯಿತು, ಗುಂಟೆ ಲೆಕ್ಕದಲ್ಲಿ ಸೈಟು ಬಿತ್ತು, ನಾವೆಲ್ಲ ಬಂದೆವು. ಮಂಟಪದವರು "ನಾವು ಮೊದಲಿನವರು" ಅಂದರೆ ಸುಳ್ಳಲ್ಲ. ಆದರೆ ಸೈಟು ಕೊಳ್ಳುವಾಗ ನಕ್ಷೆಯಲ್ಲಿ ರಸ್ತೆ ತೋರಿಸಿದ್ದರು, ಚರಂಡಿ ತೋರಿಸಿದ್ದರು, ಪಾರ್ಕಿಗೆಂದು ಬಿಟ್ಟ ಒಂದು ಮುಕ್ಕೋನದ ತುಂಡನ್ನೂ ತೋರಿಸಿದ್ದರು. 500 ಜನ ಊಟಕ್ಕೆ ಬರುವ ಮನೆಯ ಬಾಗಿಲು ಯಾವ ಕಡೆಗಿದೆ ಎಂದು ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಈ ಬೀದಿಯ ಅರ್ಧಕ್ಕರ್ಧ ಮನೆಗಳ ಮದುವೆ, ಉಪನಯನ ನಡೆದದ್ದು ಇದೇ ಮಂಟಪದಲ್ಲಿ. ನನ್ನ ಮಗಳದ್ದೂ ಅಲ್ಲೇ. ಆ ರಾತ್ರಿ ಸ್ಪೀಕರ್ ಎಷ್ಟು ಜೋರಿತ್ತು ಅಂತ ನನಗೆ ನೆನಪಿಲ್ಲ. ಪಕ್ಕದ ಮನೆಯವರಿಗೆ ಚೆನ್ನಾಗಿ ನೆನಪಿದೆಯಂತೆ.

ತುಳಸಿ ಹಬ್ಬ ಮುಗಿಯಿತೋ, ಮದುವೆಯ ಕಾಲ ಶುರು. ಮಳೆ ಹಿಡಿಯುವ ತನಕ ಬಿಡುವಿಲ್ಲ. ವರ್ಷ ವರ್ಷ ನಡೆಯುತ್ತಿದ್ದದ್ದು ಒಂದೇ ನಾಟಕ. ರಾತ್ರಿ ಒಬ್ಬರು ಫೋನ್ ಮಾಡಿ "ಸೌಂಡ್ ಕಮ್ಮಿ ಮಾಡಿ" ಅನ್ನುತ್ತಾರೆ. ಮ್ಯಾನೇಜರು "ಆಯ್ತು, ಹೇಳ್ತೆ" ಅನ್ನುತ್ತಾರೆ. ಹತ್ತು ನಿಮಿಷ ಕಮ್ಮಿಯಾಗುತ್ತದೆ. ಮತ್ತೆ ಏರುತ್ತದೆ. ಮೂರನೇ ಸಾಲಿನಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳಿದ್ದಳು. ಪರೀಕ್ಷೆಯ ಹಿಂದಿನ ರಾತ್ರಿ ಅವಳ ಅಪ್ಪ ಮಂಟಪಕ್ಕೆ ಇಳಿದು ಹೋಗಿ ಕೂಗಾಡಿದ. ಮದುವೆ ಮನೆಯವರೂ ಕೂಗಿದರು. ಪೊಲೀಸರು ಬಂದರು. ಅವರು ಬರುವ ಹೊತ್ತಿಗೆ ಸ್ಪೀಕರ್ ಬಂದ್ ಆಗಿತ್ತು. ಎಲ್ಲ ಕಡೆ ಹೀಗೇ, ಅಲ್ವಾ?

ಅದಾದ ಮೇಲೆ ಕೂತು ಕಾನೂನು ಓದಿದೆ. ಶಬ್ದ ಮಾಲಿನ್ಯ ನಿಯಮಗಳು ಬಂದದ್ದು 2000ದಲ್ಲಿ. ಊರನ್ನು ನಾಲ್ಕು ಬಗೆಯ ವಲಯ ಮಾಡಿ, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಒಂದು ಮಿತಿ, ಉಳಿದ ಹೊತ್ತಿಗೆ ಇನ್ನೊಂದು ಮಿತಿ ಇಟ್ಟಿದ್ದಾರೆ. ಕೈಗಾರಿಕೆ ಇರುವಲ್ಲಿ ಹಗಲು 75 ಡೆಸಿಬೆಲ್, ರಾತ್ರಿ 70. ಅಂಗಡಿ ಪೇಟೆಯಲ್ಲಿ 65, 55. ಮನೆಗಳಿರುವಲ್ಲಿ 55, 45. ನಿಶ್ಶಬ್ದ ವಲಯದಲ್ಲಿ 50, 40. ಸಾರ್ವಜನಿಕ ಜಾಗದಲ್ಲಿ ಸ್ಪೀಕರ್ ಹಾಕಿದರೆ, ಆ ಜಾಗದ ಗಡಿಯಲ್ಲಿ ಶಬ್ದ ವಲಯದ ಮಿತಿಗಿಂತ 10 ಜಾಸ್ತಿ ಅಥವಾ 75, ಇವೆರಡರಲ್ಲಿ ಯಾವುದು ಕಮ್ಮಿಯೋ ಅದನ್ನು ಮೀರಬಾರದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕವೇ ಇಲ್ಲ. ಹಬ್ಬ ಹರಿದಿನಕ್ಕೆಂದು ವರ್ಷಕ್ಕೆ 15 ದಿನ ಮೀರದಂತೆ 12 ಗಂಟೆವರೆಗೆ ಬಿಡಲು ಸರ್ಕಾರಕ್ಕೆ ಅವಕಾಶ ಉಂಟು. ಇದು ಸುಮ್ನೆ ಕಾಗದದ ನಿಯಮವಲ್ಲ. ಗದ್ದಲವಿಲ್ಲದೆ ಬದುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತದೆ ಎಂದು ಸುಪ್ರೀಂ ಕೋರ್ಟು 2005ರ ಜುಲೈ 18ರ ತೀರ್ಪಿನಲ್ಲಿ ಹೇಳಿದೆ.

ಓದಿ ಖುಷಿಯಾಯಿತು. ಆಮೇಲೆ ಅದನ್ನು ನಮ್ಮ ಬೀದಿಗೆ ಹಚ್ಚಿ ನೋಡಿದೆ. ನಮ್ಮದು ಯಾವ ವಲಯ? ಮನೆಗಳಿವೆ, ಮಂಟಪ ಇದೆ, ತಿರುವಿನಲ್ಲಿ ನಾಲ್ಕು ಅಂಗಡಿ ಇವೆ. ನರ್ಸಿಂಗ್ ಹೋಮ್ ಇರುವುದರಿಂದ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಅಂದುಕೊಂಡಿದ್ದೆವು. 2017ರ ತಿದ್ದುಪಡಿ ಪ್ರಕಾರ ಸರ್ಕಾರ ಘೋಷಿಸಿದ ಹೊರತು ಯಾವ ಜಾಗವೂ ತಾನಾಗಿಯೇ ನಿಶ್ಶಬ್ದ ವಲಯ ಆಗುವುದಿಲ್ಲ. ದೂರು ಕೊಡಲೂ ಒಂದು ಲೆಕ್ಕ ಉಂಟು. ರಾತ್ರಿಯ ನಿರ್ಬಂಧ ಮುರಿದ ದೂರು ಬಿಟ್ಟರೆ, ಶಬ್ದ ಮಿತಿಗಿಂತ 10 ಡೆಸಿಬೆಲ್ ಅಥವಾ ಜಾಸ್ತಿ ಮೀರಿರಬೇಕು. ಅದನ್ನು ಸರಿಯಾಗಿ ಅಳೆಯುವ ಮೀಟರ್ ನಮ್ಮ ಹತ್ತಿರ ಇಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿ ಇರುವುದು ಕಾರವಾರದಲ್ಲಿ, ಘಟ್ಟ ಇಳಿದು ನೂರು ಕಿಲೋಮೀಟರಿಗಿಂತ ಆಚೆ. ಅವರು ಬಂದು ಮುಟ್ಟುವುದರೊಳಗೆ ಮದುಮಕ್ಕಳು ಮನೆ ಸೇರಿರುತ್ತಾರೆ.

ಹಾಗಾಗಿ ನಾನು ಮೀಟರಿನ ಆಸೆ ಬಿಟ್ಟು ಒಂದು ನೋಟ್‌ಬುಕ್ ತೆಗೆದೆ. ಒಂದು ಇಡೀ ಸೀಸನ್ ಬರೆದೆ. ಎಷ್ಟು ಹೊತ್ತಿಗೆ ಎಚ್ಚರವಾಯಿತು, ಯಾವ ಶಬ್ದಕ್ಕೆ, ಎಷ್ಟು ಹೊತ್ತು ಇತ್ತು, ಇಷ್ಟೇ. ಮೂರೂ ಸಾಲಿನಿಂದ ಒಂದೊಂದು ಮನೆಯವರು ಬರೆದರು. ನರ್ಸಿಂಗ್ ಹೋಮಿನ ರಾತ್ರಿ ಪಾಳಿಯ ಸಿಸ್ಟರ್ ಕೂಡ ಬರೆದುಕೊಟ್ಟರು. ಜೊತೆಗೆ ಫೋನಿನ ಆ್ಯಪ್ ಇತ್ತು. ಅದರ ಅಂಕಿಯನ್ನು ನಾನು ನಂಬುವುದಿಲ್ಲ. ಫೋನು ಬದಲಾದರೆ ಅಂಕಿಯೂ ಬದಲಾಗುತ್ತದೆ. ಆದರೆ ಒಂದೇ ಫೋನಿನಲ್ಲಿ ಎದುರಿನ ಕೋಣೆಗೂ ಹಿಂದಿನ ಕೋಣೆಗೂ ಎಷ್ಟು ವ್ಯತ್ಯಾಸ ಅಂತ ನೋಡಿದರೆ ಅದರಿಂದ ಉಪಯೋಗ ಉಂಟು.

ಸೀಸನ್ ಮುಗಿದ ಮೇಲೆ ನಾಲ್ಕೂ ಪುಸ್ತಕ ಒಟ್ಟಿಗೆ ಇಟ್ಟು ಓದಿದಾಗ ನಾವೇ ಬೆಪ್ಪಾದೆವು. ಎಲ್ಲರೂ ಬೈಯುತ್ತಿದ್ದದ್ದು ಡಿಜೆಗೆ. ಪುಸ್ತಕದಲ್ಲಿ ಡಿಜೆ ಇದ್ದ ರಾತ್ರಿಗಳು ಬೆರಳೆಣಿಕೆಯಷ್ಟು. ಮದುವೆ ಇದ್ದಾಗಲೆಲ್ಲ ತಪ್ಪದೆ ಇದ್ದದ್ದು ಬೇರೆ ಮೂರು. ಒಂದು, ಮಧ್ಯರಾತ್ರಿ ಪಾತ್ರೆ ತೊಳೆಯುವುದು. ಊಟದ ಶೆಡ್ಡಿನ ಸಿಮೆಂಟ್ ನೆಲದ ಮೇಲೆ ಕೊಪ್ಪರಿಗೆ ಎಳೆಯುವ ಆ ಸದ್ದು ಹಲ್ಲಿನ ಬುಡಕ್ಕೆ ತಾಗುತ್ತದೆ. ಎರಡು, ಕರೆಂಟ್ ಹೋದ ಕೂಡಲೇ ಶುರುವಾಗುವ ಜನರೇಟರ್. ಮೂರು, ದಿಬ್ಬಣದ ಬಸ್ಸು.

ಬಸ್ಸಿನ ಕತೆ ಹೇಳಲೇಬೇಕು. ಬೆಳಿಗ್ಗೆ ಐದೂವರೆಗೆ ದಿಬ್ಬಣ ಬರುತ್ತದೆ. 20 ಅಡಿ ರಸ್ತೆಯಲ್ಲಿ, ಒಂದು ಬದಿ ಕಾರು ನಿಲ್ಲಿಸಿರುವಾಗ, ದೊಡ್ಡ ಬಸ್ಸಿಗೆ ತಿರುಗಲು ಆಗುವುದಿಲ್ಲ. ಮುಂದೆ ದಾರಿಯೂ ಇಲ್ಲ. ಜನ ಇಳಿದ ಮೇಲೆ ಬಸ್ಸು ಮುಖ್ಯರಸ್ತೆಯ ತನಕ ಹಿಮ್ಮುಖವಾಗಿ ಹೋಗಬೇಕು. ಕಿಯ್ ಕಿಯ್ ಎನ್ನುವ ರಿವರ್ಸ್ ಸದ್ದು, ಕ್ಲೀನರ್ ಹುಡುಗ ಬಸ್ಸಿನ ಮೈಗೆ ಬಡಿಯುತ್ತ "ಬರ್ಲಿ ಬರ್ಲಿ" ಅನ್ನುವುದು, ಎದುರು ಬಂದ ಹಾಲಿನ ಗಾಡಿಯ ಹಾರ್ನ್. 2010ರ ತಿದ್ದುಪಡಿ ಪ್ರಕಾರ ಮನೆಗಳಿರುವ ಕಡೆ ರಾತ್ರಿ ಹೊತ್ತು, ತುರ್ತು ಇಲ್ಲದೆ ಹಾರ್ನ್ ಹಾಕುವ ಹಾಗಿಲ್ಲ. ಐದೂವರೆ ಅಂದರೆ ಕಾನೂನಿನ ಲೆಕ್ಕದಲ್ಲಿ ಇನ್ನೂ ರಾತ್ರಿ. ಆದರೆ ತಪ್ಪು ಡ್ರೈವರಿನದ್ದು ಅನ್ನಲು ನನಗೆ ಬಾಯಿ ಬರುವುದಿಲ್ಲ. ಹಿಂದೆ ಮಗು ನಿಂತಿರಬಹುದು, ಹಾರ್ನ್ ಹಾಕದೆ ಏನು ಮಾಡುತ್ತಾನೆ? ರಸ್ತೆ ಹೀಗೆ ಮಾಡಿಟ್ಟರೆ ಹಾರ್ನ್ ಹುಟ್ಟಿಕೊಳ್ಳುತ್ತದೆ. ಸಿಸ್ಟರ್ ಪುಸ್ತಕದ ತುಂಬ ಇದೇ ಇತ್ತು. ಅವರ ವಾರ್ಡಿನ ಕಿಟಕಿ ತೆರೆಯುವುದು ಸರಿಯಾಗಿ ಬಸ್ಸು ಹಿಂದೆ ಬಂದು ಮುಖ್ಯರಸ್ತೆಗೆ ಹೊರಳುವ ಜಾಗಕ್ಕೆ.

ಇನ್ನೊಂದು ವಿಚಿತ್ರವೂ ಪುಸ್ತಕದಿಂದ ಸಿಕ್ಕಿತು. ಮಂಟಪಕ್ಕೆ ಹತ್ತಿರದ ಸಾಲಿನವರಿಗಿಂತ ಮೇಲಿನ ಸಾಲಿನವರ ದೂರೇ ಜಾಸ್ತಿ. ದೂರ ಎರಡು ಪಟ್ಟಾದರೆ ಒಂದು ಕಡೆಯಿಂದ ಹೊರಟ ಶಬ್ದ 6 ಡೆಸಿಬೆಲ್ ಇಳಿಯಬೇಕು, ಇದು ನಾನೇ ಮಕ್ಕಳಿಗೆ ಹೇಳಿಕೊಟ್ಟದ್ದು. ಹಾಗಾದರೆ ಇದು ಹೇಗೆ?

ಉತ್ತರ ದಿಬ್ಬದಲ್ಲಿದೆ. ಕೆಳಗಿನ ಸಾಲಿಗೂ ಮಂಟಪಕ್ಕೂ ನಡುವೆ ಚಿರೆಕಲ್ಲಿನ ಎತ್ತರದ ಕಾಂಪೌಂಡ್ ಇದೆ. ಭಾರದ ಗೋಡೆ ಶಬ್ದವನ್ನು ತಡೆಯುತ್ತದೆ, ಆದರೆ ಕೇಳುವವನಿಗೂ ಶಬ್ದ ಹೊರಡುವ ಜಾಗಕ್ಕೂ ನಡುವಿನ ನೇರ ನೋಟವನ್ನು ಅದು ಮುಚ್ಚಿದರೆ ಮಾತ್ರ. ಮೇಲಿನ ಸಾಲಿನವರು ಗೋಡೆಯ ತಲೆಯ ಮೇಲಿಂದ ಸೀದಾ ಊಟದ ಶೆಡ್ಡನ್ನು ನೋಡುತ್ತಾರೆ. ಅವರ ಪಾಲಿಗೆ ಗೋಡೆ ಇಲ್ಲ. ಮೇಲಾಗಿ ಚಳಿಗಾಲ. ಹಗಲಲ್ಲಿ ನೆಲ ಕಾದಿರುತ್ತದೆ, ಶಬ್ದ ಮೇಲಕ್ಕೆ ಬಾಗಿ ಆಕಾಶ ಸೇರುತ್ತದೆ. ರಾತ್ರಿ ನೆಲ ತಣ್ಣಗಾಗಿ, ತಂಪು ಗಾಳಿ ತಗ್ಗಿನಲ್ಲಿ ಕೂತು, ಮೇಲೆ ಬೆಚ್ಚಗಿನ ಗಾಳಿ ಉಳಿಯುತ್ತದೆ. ಆಗ ಮೇಲೆ ಹೋಗಬೇಕಾದ ಶಬ್ದ ಬಾಗಿ ಕೆಳಗೆ ಬರುತ್ತದೆ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಎರಡು ಗುಡ್ಡದಾಚೆ ಯಕ್ಷಗಾನದ ಆಟ ಆದರೆ, ನಡುರಾತ್ರಿ ಚಂಡೆ ನಮ್ಮ ಅಂಗಳದಲ್ಲೇ ಬಾರಿಸಿದ ಹಾಗೆ ಕೇಳುತ್ತದೆ. ಹಾಸಿಗೆಯಲ್ಲಿ ಮಲಗಿ ಯುದ್ಧವೋ ಒಡ್ಡೋಲಗವೋ ಎಂದು ಅಂದಾಜು ಮಾಡುತ್ತಿದ್ದ ಕಾಲ ನನ್ನದು. ಆ ಚಂಡೆಯನ್ನು ತಂದ ಗಾಳಿಯೇ ಈಗ ಕೊಪ್ಪರಿಗೆಯ ಸದ್ದನ್ನೂ ತರುತ್ತದೆ. ಮದುವೆಯ ಸೀಸನ್ ಮತ್ತು ಈ ಗಾಳಿಯ ಸೀಸನ್ ಎರಡೂ ಒಂದೇ.

ಜಾತ್ರೆಯ ಮಾತು ಬಂದೇ ಬರುತ್ತದೆ, ಹೇಳಿಬಿಡುತ್ತೇನೆ. ಎರಡು ವರ್ಷಕ್ಕೊಮ್ಮೆ ಬಿಡಕಿಬಯಲಿನಲ್ಲಿ ಮಾರಿಕಾಂಬೆ ಗದ್ದುಗೆ ಏರಿದಾಗ ಇಡೀ ಊರೇ ಗದ್ದಲ. ಜಾತ್ರೆ ಇಲ್ಲದ ವರ್ಷ ಹೋಳಿ ಹಬ್ಬಕ್ಕೆ ಬೇಡರ ವೇಷದ ಕುಣಿತದ ತಮಟೆ. ನಮ್ಮ ಪುಸ್ತಕದಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದು ನಮ್ಮದು, ಅದಕ್ಕೆ ಕೊನೆಯ ದಿನ ಅಂತ ಒಂದು ಇದೆ. ಕಿವಿಗೆ ಬೀಳುವುದು ಡೆಸಿಬೆಲ್ ಒಂದೇ ಅಲ್ಲ.

ಈಗ ಡಿಜೆ. ಅದು ಇದ್ದ ರಾತ್ರಿಗಳು ಕಮ್ಮಿಯಾದರೂ, ಬಂದ ದಿನ ಕಿಟಕಿಯ ಗಾಜು ನಡುಗುತ್ತಿತ್ತು, ಅಡುಗೆಮನೆಯ ಸ್ಟೀಲ್ ಲೋಟ ಕುಣಿಯುತ್ತಿತ್ತು. ಆ್ಯಪ್ ಮಾತ್ರ ಅಷ್ಟೊಂದು ತೋರಿಸುತ್ತಿರಲಿಲ್ಲ. ಕಾರಣ ಉಂಟು. ನಾವು ಬಳಸುವ ಡೆಸಿಬೆಲ್ ಅಳತೆ ನಮ್ಮ ಕಿವಿಯ ಹಾಗೇ ತಗ್ಗು ಸ್ವರಗಳನ್ನು ಬಹಳ ಕಮ್ಮಿ ಲೆಕ್ಕ ಹಾಕುತ್ತದೆ. 63 ಹರ್ಟ್ಜ್ ಆಸುಪಾಸಿನ ಧಡ್ ಧಡ್‌ಗೆ ಅದು ಸುಮಾರು 26 ಡೆಸಿಬೆಲ್ ಕಳೆದುಬಿಡುತ್ತದೆ. ಕಿವಿಗಿಂತ ಎದೆಗೆ, ಗೋಡೆಗೆ ತಾಗುವ ಶಬ್ದ ಅದು. ಅಂಕಿಯಲ್ಲಿ ಸಣ್ಣದು, ಹಾಸಿಗೆಯಲ್ಲಿ ದೊಡ್ಡದು.

ಸ್ಪೀಕರ್ ಅರ್ಧ ಮಾಡಿ ಅಂತ ಕೇಳಿದ್ದೂ ತಪ್ಪು ಲೆಕ್ಕವೇ. ನಾಲ್ಕರಲ್ಲಿ ಎರಡು ತೆಗೆದರೆ ಇಳಿಯುವುದು 3 ಡೆಸಿಬೆಲ್. ಗಮನವಿಟ್ಟು ಕೇಳಿದರೆ ಮಾತ್ರ ಗೊತ್ತಾಗುವಷ್ಟು. ಕಿವಿಗೆ ಅರ್ಧವಾದಂತೆ ಅನಿಸಬೇಕಾದರೆ 10 ಇಳಿಯಬೇಕು. ಅಷ್ಟನ್ನು ಉಳಿಯುವ ಹಾಗೆ ಕೊಡುವುದು ದಿಕ್ಕು ಮತ್ತು ಜಾಗ, ವಾಲ್ಯೂಮ್ ಬಟನ್ ಇಳಿಸಿದರೂ ಮತ್ತೆ ಏರುತ್ತದೆ. ಇಷ್ಟು ವರ್ಷ ನಾವು ಜಗಳವಾಡಿದ್ದು ಬರೀ ಬಟನ್ ಬಗ್ಗೆ.

ದಿಕ್ಕಿಗೂ ಒಂದು ಕತೆ ಇದೆ. ಮದುಮಕ್ಕಳು ಪೂರ್ವಕ್ಕೆ ಮುಖ ಮಾಡಿ ಕೂರಬೇಕು. ಹಾಗಾಗಿ ವೇದಿಕೆ ಪಶ್ಚಿಮದ ಗೋಡೆಗೆ, ಜನ ಪೂರ್ವಕ್ಕೆ, ದೊಡ್ಡ ಬಾಗಿಲೂ ಪೂರ್ವಕ್ಕೆ. ವೇದಿಕೆಯ ಎರಡು ಬದಿ ಇಟ್ಟ ಸ್ಪೀಕರುಗಳು ಆ ಬಾಗಿಲಿನ ಮೂಲಕ ಸೀದಾ ನಮ್ಮ ದಿಬ್ಬಕ್ಕೆ ಊದುತ್ತಿದ್ದವು. ಸಂಪ್ರದಾಯ ಬದಲಿಸಿ ಅನ್ನಲು ನಾನ್ಯಾರು?

ಮಳೆಗಾಲದಲ್ಲಿ, ಮಂಟಪ ಖಾಲಿ ಇದ್ದಾಗ, ಮ್ಯಾನೇಜರನ್ನು ಮನೆಗೆ ಕರೆದೆ. ಮದುವೆ ದಿನ ಮಾತಾಡಿದರೆ ಜಗಳ, ಮಳೆಗಾಲದಲ್ಲಿ ಮಾತಾಡಿದರೆ ಚಹಾ. ಪುಸ್ತಕ ತೋರಿಸಿದೆ. ಅವರು ನಿಧಾನ ಓದಿದರು. "ಪಾತ್ರೆ ಸದ್ದು ನಿಮ್ಮಲ್ಲಿ ತನಕ ಬತ್ತು ಅಂತ ನಂಗೆ ಗೊತ್ತೇ ಇಲ್ಲೆ ಮಾಸ್ತರ್ರೆ" ಅಂದರು. ನಂಬಿದೆ. ಅವರು ಮಲಗುವುದು ಊರಿನ ಇನ್ನೊಂದು ತುದಿಯಲ್ಲಿ.

ಮೊದಲು ಸರಿಯಾದದ್ದು ಪಾತ್ರೆಯೇ. ತೊಳೆಯುವ ಜಾಗವನ್ನು ಶೆಡ್ಡಿನಿಂದ ತೆಗೆದು ಉಗ್ರಾಣದ ಹಿಂದಕ್ಕೆ, ಪಶ್ಚಿಮಕ್ಕೆ ಹಾಕಿದರು. ಈಗ ನಡುವೆ ಇಡೀ ಕಟ್ಟಡವೇ ಅಡ್ಡ. ನೆಲಕ್ಕೆ ಏನು ಹಾಸುವುದು ಅಂತ ಯೋಚಿಸುವಾಗ ನನ್ನ ಹೆಂಡತಿ "ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟ್ ಹಾಕಲಿ" ಅಂದಳು. ದನದ ಮಂಡಿ ಸವೆಯದ ಹಾಗೆ ಹಾಸುತ್ತಾರಲ್ಲ, ಅದೇ. ನೀರಿಗೆ ಹಾಳಾಗುವುದಿಲ್ಲ, ಕೊಪ್ಪರಿಗೆ ಎಳೆದರೆ ಸದ್ದಿಲ್ಲ. ನಾನು ಭೌತಶಾಸ್ತ್ರ ಕಲಿಸಿದವನು, ನನಗೆ ಹೊಳೆದಿರಲಿಲ್ಲ.

ಜನರೇಟರ್ ಅಷ್ಟು ಸಲೀಸಾಗಿ ಆಗಲಿಲ್ಲ. ಅದು ಹಳೆಯದು, ಕವಚ ಇಲ್ಲದ್ದು. 2005ರ ಜನವರಿಯ ನಂತರ ತಯಾರಾದ ಡೀಸೆಲ್ ಜನರೇಟರುಗಳು, 1000 ಕೆವಿಎ ಸಾಮರ್ಥ್ಯದ ತನಕದವು, ಕವಚದಿಂದ 1 ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದು ಎಂದು ನಿಯಮ. ಇದು ಅದಕ್ಕಿಂತ ಮೊದಲಿನದು. ಎದುರು ಚಂದ ಕಾಣಬೇಕೆಂದು ಹಿತ್ತಲ ಮೂಲೆಗೆ ಇಟ್ಟಿದ್ದರು, ಹೊಗೆಯ ಕೊಳವೆ ದಿಬ್ಬದ ಕಡೆಗೆ. ಮೊದಲ ಸಲ ಅದರ ಸುತ್ತ ಚಿರೆಕಲ್ಲಿನ ಕೋಣೆ ಕಟ್ಟಿ ಬಾಗಿಲು ಹಾಕಿದರು. ಸದ್ದು ನಿಂತೇಹೋಯಿತು. ಮೂರನೇ ಮದುವೆಗೆ ಗಾಳಿಯಿಲ್ಲದೆ ಬಿಸಿಯಾಗಿ ಜನರೇಟರೂ ನಿಂತಿತು, ಸರಿಯಾಗಿ ಧಾರೆಯ ಹೊತ್ತಿಗೆ. ಆ ದಿನ ನಾನು ಮಂಟಪದ ಕಡೆ ತಲೆ ಹಾಕಲಿಲ್ಲ. ಆಮೇಲೆ ಪಶ್ಚಿಮದ ಗೋಡೆ ಒಡೆದು ಪೂರ್ತಿ ತೆರೆದರು, ಕೊಳವೆಯನ್ನೂ ಆ ಕಡೆಗೇ ತಿರುಗಿಸಿದರು. ಈಗ ಗುರ್ ಅನ್ನುವುದು ಕೇಳುತ್ತದೆ, ಎಚ್ಚರವಾಗುವುದಿಲ್ಲ.

ವೇದಿಕೆಯ ದೊಡ್ಡ ಸ್ಪೀಕರುಗಳ ಬದಲು ಉದ್ದಗೋಡೆಗಳಿಗೆ ಸಣ್ಣ ಸಣ್ಣವನ್ನು ಒಳಮುಖವಾಗಿ ಹಾಕಿಸಿದರು. ಕೂತವನ ಹತ್ತಿರವೇ ಸ್ಪೀಕರ್ ಇದ್ದರೆ ಅಷ್ಟು ಜೋರು ಬೇಕಾಗುವುದಿಲ್ಲ. ಮಂತ್ರ, ಹಾಡು, ಭಾಷಣ ಎಲ್ಲ ಇದರಲ್ಲಿ ಸುಧಾರಿಸಿತು. ಹೊರಗಿನಿಂದ ಬರುವ ಡಿಜೆ ಮಾತ್ರ ತನ್ನದೇ ಪೆಟ್ಟಿಗೆ ತರುತ್ತದೆ. ಅಂಗಳದಲ್ಲಿ ಹಾಕುವಂತಿಲ್ಲ, ಒಳಗೆ ಮಾತ್ರ, 10ಕ್ಕೆ ಬಂದ್ ಎಂದು ಬುಕಿಂಗ್ ಚೀಟಿಯಲ್ಲೇ ಬರೆಸಿದ್ದಾರೆ. ಕೆಲವರು ಪಾಲಿಸುತ್ತಾರೆ. ಪಾಲಿಸದ ಒಂದು ರಾತ್ರಿ ನಾನೇ ಇಳಿದು ಹೋಗಿ "ತಮಾ, ಆ ಎರಡು ಬಾಸ್ ಪೆಟ್ಟಿಗೆಯನ್ನು ಮೂಲೆಯಿಂದ ಎತ್ತಿ ಈಚೆ ಇಡು" ಅಂದೆ. ಹುಡುಗ ಬೈಗುಳಕ್ಕೆ ತಯಾರಾಗಿದ್ದ, ಇದನ್ನು ಕೇಳಿ ತಬ್ಬಿಬ್ಬಾಗಿ ಇಟ್ಟ. ಮೂಲೆಯಲ್ಲಿಟ್ಟರೆ ಎರಡು ಗೋಡೆಯೂ ನೆಲವೂ ಸೇರಿ ತಗ್ಗು ಸ್ವರವನ್ನು ಹಿಗ್ಗಿಸುತ್ತವೆ.

ಮರ ನೆಡೋಣ ಎಂಬ ಸಲಹೆ ಬಹಳ ಬಂತು. ನೆಟ್ಟಿದ್ದೇವೆ, ಬೇಲಿಯ ಉದ್ದಕ್ಕೂ ಬಿದಿರು. ಆದರೆ ಒಂದು ಸಾಲು ಗಿಡದಿಂದ ಶಬ್ದ ಇಳಿಯುವುದು ಇಲ್ಲವೆನ್ನುವಷ್ಟು ಕಮ್ಮಿ. ಹತ್ತಾರು ಮೀಟರ್ ಅಗಲದ ದಟ್ಟ ಕಾಡು ಬೇಕು, ಅಷ್ಟು ಜಾಗ ಇದ್ದಿದ್ದರೆ ಈ ತಂಟೆಯೇ ಇರುತ್ತಿರಲಿಲ್ಲ. ಶೆಡ್ಡು ಕಣ್ಣಿಗೆ ಬೀಳದ ಹಾಗೆ ಆಗಿದೆ. ಕಾಣದಿದ್ದರೆ ಸಿಟ್ಟು ಕಮ್ಮಿ, ಅದೂ ಒಂದು ಲಾಭ.

ಉಳಿದದ್ದು ಬಸ್ಸು. ದಿಬ್ಬಣವನ್ನು ಮುಖ್ಯರಸ್ತೆಯಲ್ಲೇ ಇಳಿಸಿ, ಸಾಮಾನನ್ನು ಟೆಂಪೋದಲ್ಲಿ ತರುವುದು ಅಂತ ಮಾಡಿ ನೋಡಿದೆವು. ಕೆಲವರು ಒಪ್ಪಿದರು. ಮುದುಕರಿರುವ ದಿಬ್ಬಣ, ಮಳೆ ಬಂದ ದಿನ, ಮುಹೂರ್ತ ಹತ್ತಿರ ಬಂದ ದಿನ ಯಾರೂ ಕೇಳುವುದಿಲ್ಲ. ಮಂಟಪದೊಳಗೆ ಸ್ಪೀಕರ್ ತಿರುಗಿಸಬಹುದು, ಬಸ್ಸು ತಿರುಗಿಸಲು ರಸ್ತೆ ಬೇಕು. ಮಂಟಪದ ಗೇಟಿನ ಈಶಾನ್ಯಕ್ಕೆ, ರಸ್ತೆಯ ಆಚೆ ಬದಿ, ಒಂದು ಖಾಲಿ ಸೈಟಿತ್ತು. ಅದರ ಎದುರಿನ ಒಂದಿಷ್ಟು ಅಡಿ ಸಿಕ್ಕಿದ್ದರೆ ಬಸ್ಸು ಅಲ್ಲಿ ಮೂತಿ ತೂರಿಸಿ ಹೊರಳಿ ನೆಟ್ಟಗೆ ಹೋಗುತ್ತಿತ್ತು. ಮಂಟಪದವರು ಬಾಡಿಗೆ ಕೊಡಲೂ ತಯಾರಿದ್ದರು. ಮಾಲೀಕರು ಊರಲ್ಲಿರಲಿಲ್ಲ. ಮಾತು ಫೋನಿನಲ್ಲೇ ಎಳೆಯಿತು.

ಈ ವರ್ಷ ಆ ಸೈಟು ಮಾರಾಟವಾಗಿದೆ. ಕೊಂಡವರು ಒಳ್ಳೆಯ ಜನ, ಸಣ್ಣ ವಯಸ್ಸಿನ ಗಂಡ ಹೆಂಡತಿ, ಎರಡು ವರ್ಷದ ಮಗು. ನಕ್ಷೆ ತೋರಿಸಿದರು. ಮಲಗುವ ಕೋಣೆ ನೈರುತ್ಯಕ್ಕೆ, ಅಂದರೆ ಸರಿಯಾಗಿ ಮಂಟಪದ ಗೇಟಿಗೆ ಎದುರು. ನಮ್ಮ ಅಜ್ಜನ ಮನೆಯಲ್ಲಿ ರಸ್ತೆಯ ಕಡೆ ಜಗಲಿ, ಆಮೇಲೆ ನಡುಮನೆ, ಮಲಗುವುದು ಅದರ ಒಳಗೆ. ಹೊರಗಿನ ಸದ್ದು ಎರಡು ಗೋಡೆ ದಾಟಿ ಬರಬೇಕಿತ್ತು. ಅದನ್ನೇ ಹೇಳಿ, ಮೆಟ್ಟಿಲು ಮತ್ತು ಬಚ್ಚಲನ್ನು ಆ ಕಡೆ ಹಾಕಿ, ಮಲಗುವ ಕೋಣೆಯನ್ನು ಹಿಂದಕ್ಕೆ ತನ್ನಿ ಅಂದೆ. ಹುಡುಗ ಒಪ್ಪುವ ಹಾಗಿದ್ದ. "ಆದ್ರೆ ಮಾಸ್ತರ್ರೆ, ಯಜಮಾನನ ಕೋಣೆ ನೈರುತ್ಯಕ್ಕೇ ಬೇಕು ಅಂತ ವಾಸ್ತು ನೋಡೋರು ಹೇಳಿದ್ದಾರೆ" ಅಂದ. ಮೊನ್ನೆ ಬೆಳಿಗ್ಗೆ ಬಸ್ಸಿನ ಸದ್ದಿಗೆ ಎದ್ದು ಗೇಟಿನ ತನಕ ಹೋಗಿ ನೋಡಿದೆ. ಫೌಂಡೇಷನ್ ಮೇಲೆ ಬಂದಿದೆ. ಕಿಟಕಿಗೆ ಬಿಡುವ ಜಾಗವನ್ನು ಇನ್ನೂ ಗುರುತು ಮಾಡಿಲ್ಲ.